ತೋಟೆಯ ಬುಡದ ಪ್ಲಸ್ ಗುರುತು

ಕಾರ್ಕಳ, ಹೆಬ್ರಿ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಬೆಳೆ ಕಾಯಲು ಲೈಸೆನ್ಸ್ ಕೋವಿ ಇದೆ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿ ಇಟ್ಟು ಬರುವುದೂ ರೂಢಿ. ಆದರೆ ಕೋವಿಗೆ ತುಂಬುವ ತೋಟೆಯ ಬುಡದಲ್ಲಿ ಏನು ಬರೆದಿದೆ ಅಂತ ಓದುವವರು ಕಮ್ಮಿ. ಅದನ್ನು ಓದಲೇಬೇಕು, ಯಾಕೆ ಅಂತ ಪಿಸ್ತೂಲಿನ ತೋಟೆ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ.

ಹಿತ್ತಾಳೆ ಬುಡದ ನಡುವೆ ಮದ್ದಿಗೆ ಕಿಡಿ ಹಚ್ಚುವ ದುಂಡಗಿನ ಪ್ರೈಮರ್, ಸುತ್ತ ಕಂಪನಿಯ ಗುರುತು, ಕ್ಯಾಲಿಬರ್. ಕೆಲವದರಲ್ಲಿ ಪಕ್ಕದಲ್ಲೇ '+ಪಿ' ಅಂತ ಇರುತ್ತದೆ. ಒಳಗಿನ ಮದ್ದು ಉರಿದಾಗ ಏಳುವ ಒತ್ತಡ ಮಾಮೂಲಿಗಿಂತ ಜಾಸ್ತಿ ಅಂತ ಅರ್ಥ. ಎಷ್ಟು ಜಾಸ್ತಿ ಅನ್ನುವುದಕ್ಕೂ ಲೆಕ್ಕ ಇದೆ. ಅಮೆರಿಕದಲ್ಲಿ 1926ರಲ್ಲಿ ಶುರುವಾದ 'ಸಾಮಿ' ಎಂಬ ತಯಾರಕರ ಸಂಸ್ಥೆ 9 ಎಂಎಂ ಲ್ಯೂಗರ್ ತೋಟೆಗೆ 35,000 ಪಿಎಸ್‌ಐ ಮಿತಿ ಹಾಕಿದೆ, ಅದರ +ಪಿಗೆ 38,500. ಬಂಕಿನಲ್ಲಿ ಕಾರಿನ ಟಯರಿಗೆ ನಾವು ತುಂಬಿಸುವುದು ಸುಮಾರು 30 ಪಿಎಸ್‌ಐ ಅಷ್ಟೇ ಅಲ್ವಾ? ರಿವಾಲ್ವರಿನ .38 ಸ್ಪೆಷಲ್ ತೋಟೆಯಲ್ಲಿ +ಪಿ ಆದರೆ ಮಿತಿ 17,000ದಿಂದ 20,000ಕ್ಕೆ ಏರುತ್ತದೆ.

ನನಗೆ ಹೆದರಿಕೆ ಆಗುವುದು ಇಲ್ಲೇ. ಮಾಮೂಲಿ, +ಪಿ ಎರಡೂ ತೋಟೆಯ ಅಳತೆ ಒಂದೇ, ಹಾಗಾಗಿ +ಪಿ ತೋಟೆ ಹಳೆಯ, ಸಪೂರ ಫ್ರೇಮಿನ ರಿವಾಲ್ವರಿಗೂ ಸಲೀಸಾಗಿ ಕೂರುತ್ತದೆ. .38ರಷ್ಟೇ ದಪ್ಪದ, ಇನ್ನೂ ಜೋರಿನ .357 ಮ್ಯಾಗ್ನಮ್ ತೋಟೆ ಮಾಡಿದವರು ಅದರ ಕೇಸನ್ನೇ (ಮದ್ದು ತುಂಬುವ ಕವಚ) ಸುಮಾರು 3 ಮಿಲಿಮೀಟರ್ ಉದ್ದ ಮಾಡಿದರು, .38ರ ಕೋಣೆಗೆ (ತೋಟೆ ಕೂರುವ ಜಾಗ) ಅದು ಪೂರ್ತಿ ಇಳಿಯಬಾರದು ಅಂತ. +ಪಿಗೆ ಅಂಥ ತಡೆ ಇಲ್ಲ, ತಡೆಯುವುದು ಆ ಗುರುತು ಮಾತ್ರ. ಮೊದಲ ಈಡಿಗೇ ಒಡೆಯುತ್ತದೆ ಅಂತೇನಲ್ಲ. ಆದರೆ ಹೊಡೆದಂತೆಲ್ಲ ಫ್ರೇಮು ಸ್ವಲ್ಪ ಸ್ವಲ್ಪವೇ ಹಿಗ್ಗುತ್ತದೆ, ಸಿಲಿಂಡರ್ ಸಡಿಲ ಆಗುತ್ತದೆ.

'+ಪಿ+' ಅಂತ ಇನ್ನೊಂದು ಇದೆ. ಅದಕ್ಕೆ ಸಾಮಿಯ ಮಿತಿಯೇ ಇಲ್ಲ. +ಪಿಗಿಂತ ಜಾಸ್ತಿ ಅನ್ನುವುದು ಬಿಟ್ಟರೆ ಆ ಗುರುತಿನಿಂದ ಬೇರೇನೂ ತಿಳಿಯುವುದಿಲ್ಲ. ಪಿಸ್ತೂಲು ಮಾಡಿದ ಕಂಪನಿ ಬರೆದು ಕೊಡದ ಹೊರತು ಅದನ್ನು ಹಾಕಲೇಬಾರದು ಅಂತ ನನ್ನ ಅಭಿಪ್ರಾಯ. ಸಾಮಿಯ ನಿಯಮ ಪಾಲಿಸುವುದು ತಯಾರಕರ ಇಷ್ಟಕ್ಕೆ ಬಿಟ್ಟದ್ದು. ಬಂದೂಕು ಪರೀಕ್ಷೆಯ 'ಸಿಐಪಿ' ಒಕ್ಕೂಟಕ್ಕೆ ಸೇರಿದ ಯುರೋಪಿನ ದೇಶಗಳಲ್ಲಿ ಹಾಗಲ್ಲ. ಅಲ್ಲಿ ಸಿಐಪಿಯ ನಿಯಮವೇ ಕಾನೂನು, ಮಿತಿಗಿಂತ 30% ಹೆಚ್ಚು ಒತ್ತಡದ ತೋಟೆ ಹೊಡೆದು ಪರೀಕ್ಷಿಸಿದ ಮೇಲೆಯೇ ಪಿಸ್ತೂಲು ಮಾರಾಟಕ್ಕೆ ಹೋಗುತ್ತದೆ.

ನಮ್ಮ 12 ಬೋರ್ ಕೋವಿಗೆ +ಪಿ ಇಲ್ಲ, ಉದ್ದದ ಲೆಕ್ಕ ಇದೆ. 70 ಮಿಲಿಮೀಟರ್ ಕೋಣೆಗೆ 76ರ ತೋಟೆ ಸುಮ್ನೆ ಒಳಗೆ ಹೋಗಿಬಿಡುತ್ತದೆ, ಯಾಕೆಂದರೆ 76 ಅನ್ನುವ ಅಳತೆ, ಹೊಡೆದ ಮೇಲೆ ಮಡಚಿದ ಬಾಯಿ ಬಿಚ್ಚಿಕೊಂಡ ಕೇಸಿನದ್ದು. ಬಿಚ್ಚಿಕೊಳ್ಳಲು ಜಾಗ ಸಾಲದೆ ಚರೆಯ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ಕೋಣೆಯ ಉದ್ದ ಸಾಮಾನ್ಯವಾಗಿ ನಳಿಗೆಯ ಮೇಲೆಯೇ ಕೊರೆದಿರುತ್ತದೆ, ಅಳಿಸಿ ಹೋಗಿದ್ದರೆ ಕೋವಿ ರಿಪೇರಿಯವರ ಹತ್ತಿರ ಅಳತೆ ಮಾಡಿಸಿ.