ಹೂಮಳೆಗೆ ಕಾಯುವುದೋ, ಸ್ಪ್ರಿಂಕ್ಲರ್ ಹಾಕುವುದೋ: ನಿರ್ಧಾರದ ಅಭ್ಯಾಸಕ್ಕೊಂದು ಟಿಪ್ಪಣಿ

ಫೆಬ್ರವರಿಯಲ್ಲಿ ನೀರು ಹಾಯಿಸದೆ, ಕಾಫಿ ಮೊಗ್ಗು ಅರಳಿಸುವ ಹೂಮಳೆಗೆ ಕಾದವನ ತೋಟಕ್ಕೆ ಮಳೆ ಬಿದ್ದರೆ ಅವನು ಜಾಣ, ಬೀಳದಿದ್ದರೆ ಸೋಮಾರಿ. ಎರಡೂ ಸಲ ಅವನು ಮಾಡಿದ್ದು ಒಂದೇ. ಫಲ ನೋಡಿ ನಿರ್ಧಾರಕ್ಕೆ ಮಾರ್ಕು ಹಾಕುವ ಈ ಚಾಳಿ ಇರುವವರೆಗೆ ಎಷ್ಟು ವರ್ಷದ ಅನುಭವವಾದರೂ ಏನನ್ನೂ ಕಲಿಸುವುದಿಲ್ಲ. ಆದ್ದರಿಂದ ಮೊದಲ ಪಾಠ: ನಿರ್ಧಾರ ಮಾಡಿದ ದಿನವೇ ಅದನ್ನು, ಅದರ ಕಾರಣವನ್ನು, ಅಂದುಕೊಂಡದ್ದು ನಡೆಯುವ ಸಂಭವದ ಒಂದು ಶೇಕಡಾ ಅಂಕಿಯನ್ನು ಬರೆದಿಡುವುದು.

ನೆನಪನ್ನು ನಂಬಿದರೆ ಸಾಲದೇ? ಸಾಲದು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಪ್ರವಾಸಕ್ಕೆ ಹೊರಡುವ ಮುನ್ನ, ಏನೇನು ನಡೆಯಬಹುದೆಂದು ವಿದ್ಯಾರ್ಥಿಗಳಿಂದ ಶೇಕಡಾ ಲೆಕ್ಕದಲ್ಲಿ ಬರೆಸಿಕೊಳ್ಳಲಾಗಿತ್ತು. ಆಮೇಲೆ 'ಆಗ ಎಷ್ಟು ಬರೆದಿದ್ದಿರಿ' ಎಂದು ಕೇಳಿದರೆ, ನಡೆದೇಹೋದ ಸಂಗತಿಗಳಿಗೆ ತಾವು ಬರೆದದ್ದಕ್ಕಿಂತ ಹೆಚ್ಚಿನ ಅಂಕಿಯನ್ನೇ ಹೇಳುವುದು ಕಂಡುಬಂತು. ಸಂಶೋಧಕರಾದ ಬರೂಚ್ ಫಿಷ್‌ಹಾಫ್ ಮತ್ತು ರೂತ್ ಬೇತ್ ಇದನ್ನು 1975ರಲ್ಲಿ ಪ್ರಕಟಿಸಿದರು. 'ನಾನು ಆಗಲೇ ಹೇಳಿದ್ದೆ' ಎನ್ನುವವರಲ್ಲಿ ಸುಳ್ಳು ಹೇಳುವವರು ಕಡಿಮೆ. ಅವರಿಗೆ ನಿಜಕ್ಕೂ ಹಾಗೆಯೇ ನೆನಪಿರುತ್ತದೆ.

ಪ್ರಶ್ನೆಯನ್ನು ಕಟ್ಟುವುದು

'ಈ ಸಲ ಮಳೆ ಬರುತ್ತಾ?' ಎಂಬುದು ಪ್ರಶ್ನೆಯೇ ಅಲ್ಲ. ಯಾವ ಉತ್ತರ ಕೊಟ್ಟರೂ ನಡೆಯುತ್ತದೆ. ರೊಬಸ್ಟಾ ಕಾಫಿಯ ಮೊಗ್ಗು ಸರಿಯಾಗಿ ಅರಳಬೇಕಾದರೆ ಸುಮಾರು 1ರಿಂದ 1.5 ಇಂಚು ನೀರು ಬೇಕು. ಹತ್ತಿಪ್ಪತ್ತು ಸೆಂಟ್ (ನೂರು ಸೆಂಟ್ ಸೇರಿದರೆ ಒಂದು ಇಂಚು) ತುಂತುರು ಬಿದ್ದು ನಿಂತರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಹಾಗಾಗಿ ಪ್ರಶ್ನೆ ಹೀಗಿರಲಿ: 'ಮಾರ್ಚ್ 10ರೊಳಗೆ ನಮ್ಮ ತೋಟದ ಮಳೆಮಾಪಕದಲ್ಲಿ ಒಂದೇ ದಿನ 1 ಇಂಚಾದರೂ ಬೀಳುತ್ತದೆಯೇ?' ದಿನ, ಜಾಗ, ಅಳತೆ ಮೂರೂ ಇರಬೇಕು. ಜಾಗ ಯಾಕೆಂದರೆ ಬೇಸಿಗೆ ಮಳೆ ಕೊಡಗಿನ ಸಿದ್ದಾಪುರದಲ್ಲಿ ಹೊಯ್ದು ಹತ್ತಿರದ ಪಾಲಿಬೆಟ್ಟದಲ್ಲಿ ಮಣ್ಣನ್ನೂ ನೆನೆಸದೆ ಹೋಗಬಹುದು.

ಅಂಕಿಯನ್ನು ಎಲ್ಲಿಂದ ತರುವುದು? ಕೊಡಗಿನವರಿಗೆ ಇಲ್ಲೊಂದು ಅನುಕೂಲವಿದೆ. ಇಂಚು-ಸೆಂಟ್ ಲೆಕ್ಕದಲ್ಲಿ ದಿನದಿನದ ಮಳೆ ಬರೆದಿಟ್ಟ ಹಳೆಯ ಪುಸ್ತಕ ಎಷ್ಟೋ ತೋಟಗಳಲ್ಲಿದೆ. ಕಳೆದ 20 ವರ್ಷದ ಪುಟ ತಿರುವಿ, ಮಾರ್ಚ್ 10ರೊಳಗೆ ಅಂಥ ಮಳೆ ಎಷ್ಟು ವರ್ಷ ಬಿದ್ದಿತ್ತೆಂದು ಎಣಿಸಿ. 7 ವರ್ಷವಾದರೆ ಶೇ. 35. ಅಲ್ಲಿಂದ ಹೊರಟು, ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ಹತ್ತೋ ಹದಿನೈದೋ ಏರಿಸಿ, ಇಳಿಸಿ. ಹೊಸಬರು ಇದನ್ನೇ ತಿರುಗಾಮುರುಗಾ ಮಾಡುತ್ತಾರೆ: ಮೋಡ ನೋಡಿ ಶೇ. 80 ಎಂದು ಮೊದಲು ಹೇಳಿ, ಆಮೇಲೆ ಪುಸ್ತಕದಲ್ಲಿ ಅದಕ್ಕೆ ಹೊಂದುವ ವರ್ಷ ಹುಡುಕುತ್ತಾರೆ.

ಈಗ ಲೆಕ್ಕ. ಬರೇ ಅಭ್ಯಾಸಕ್ಕಾಗಿ, ಎಕರೆಗೆ ನೀರು ಹಾಯಿಸುವ ಖರ್ಚು 6,000 ರೂಪಾಯಿ, ಮಳೆಯೂ ನೀರೂ ಸಿಗದಿದ್ದರೆ ಫಸಲಿನ ನಷ್ಟ 30,000 ರೂಪಾಯಿ ಎಂದಿಟ್ಟುಕೊಳ್ಳಿ. ಖರ್ಚನ್ನು ನಷ್ಟದಿಂದ ಭಾಗಿಸಿದರೆ 0.2. ಅಂದರೆ ಮಳೆ ಕೈಕೊಡುವ ಸಂಭವ ಶೇ. 20 ದಾಟಿದರೆ ನೀರು ಹಾಯಿಸುವುದೇ ಸರಿ. ಹಾಯಿಸಿದ ಮೇಲೆ ಮಳೆ ಬಂದರೂ ನಿರ್ಧಾರ ತಪ್ಪಲ್ಲ, 6,000 ಹೋಯಿತು ಅಷ್ಟೇ. ಹೆಚ್ಚಿನ ಜಗಳ 'ಬರುತ್ತೆ, ಬರಲ್ಲ' ಎಂಬಲ್ಲೇ ಮುಗಿಯುತ್ತದೆ. ಕೇಳಬೇಕಾದ್ದು 'ಬರುತ್ತೆ ಅಂತ ಶೇ. 80ಕ್ಕಿಂತ ಹೆಚ್ಚು ಧೈರ್ಯವಿದೆಯಾ?' ಎಂದು.

ಒಂದು ನಿರ್ಧಾರದ ಹೊಟ್ಟೆಯಲ್ಲಿ ಇನ್ನೊಂದು ಅಡಗಿರುವುದೂ ಇಲ್ಲಿ ಚೆನ್ನಾಗಿ ಕಾಣುತ್ತದೆ. ಹೂ ಅರಳಿಸಿದ ಮೇಲೆ 15-20 ದಿನದಲ್ಲಿ ಮುಕ್ಕಾಲರಿಂದ ಒಂದು ಇಂಚು ಬ್ಯಾಕಿಂಗ್, ಅಂದರೆ ಕಾಯಿ ಕಚ್ಚಲು ಎರಡನೇ ನೀರು, ಬೇಕು. ಮಳೆ ಬಾರದಿದ್ದರೆ ಅದನ್ನೂ ನೀವೇ ಕೊಡಬೇಕು. ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು 1.03 ಲಕ್ಷ ಲೀಟರ್. 10 ಎಕರೆಗೆ ಮೊದಲು 1.25, ಆಮೇಲೆ 0.75 ಇಂಚು ಎಂದರೆ 20 ಲಕ್ಷ ಲೀಟರ್ ದಾಟಿತು. ಕೆರೆಯಲ್ಲಿ 14 ಲಕ್ಷವಷ್ಟೇ ಇದ್ದರೆ 10 ಎಕರೆಗೂ ಹೂ ಅರಳಿಸಿ ಒಣಗಿಸುವುದಕ್ಕಿಂತ 6 ಎಕರೆಗೆ ಪೂರ್ತಿ ಕೊಡುವುದು ಲೇಸು.

ಕೆಟ್ಟಿತು ಎಂದುಕೊಂಡೇ ಶುರುಮಾಡುವುದು

ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ವಿವರಿಸಿದ ಅಭ್ಯಾಸವಿದು. ಕೆಲಸ ಶುರುವಾಗುವ ಮೊದಲು 'ಏಪ್ರಿಲ್ ಬಂತು, ನಮ್ಮ ಯೋಜನೆ ಹಾಳಾಗಿದೆ; ಯಾಕೆ?' ಎಂದು ಕೇಳಿ, ಪ್ರತಿಯೊಬ್ಬರೂ ಕೆಲವು ನಿಮಿಷ ಮೌನವಾಗಿ ಕಾರಣ ಬರೆಯುವುದು. ಪಂಪು ಕೆಟ್ಟಿತು, ಪೈಪು ಜೋಡಿಸುವವರು ಮದುವೆಗೆ ಹೋದರು, ಹೂ ಅರಳಿದ ದಿನವೇ ಮಳೆ ಹೊಯ್ದು ಪರಾಗ ತೊಳೆದುಹೋಯಿತು. ನಮ್ಮ ತೋಟಗಳಲ್ಲಿ ಓದುವಾಗ ಮೋಟಾರು ನೋಡುವವನದು ಮೊದಲು, ಆಮೇಲೆ ಮೇಸ್ತ್ರಿ, ರೈಟರ್ (ಲೆಕ್ಕ ಬರೆಯುವವನು), ಸಾಹುಕಾರರದು ಕೊನೆಗೆ ಇರಲಿ. ಈ ಕ್ರಮ ತಪ್ಪಿದರೆ ಎಲ್ಲರ ಬಾಯಲ್ಲೂ ಸಾಹುಕಾರರ ಮಾತೇ ಬರುತ್ತದೆ.

ಮಾರಾಟದ ನಿರ್ಧಾರವೂ ಹೀಗೆಯೇ. ರೇಟು ಏರಲೆಂದು ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮಾರದೆ ಇಟ್ಟುಕೊಂಡವರಿಗೆ ಒಂದೇ ಪ್ರಶ್ನೆ ಸಾಕು: ಗೋದಾಮು ಖಾಲಿಯಿದ್ದು, ಕೈಯಲ್ಲಿ ಅಷ್ಟೇ ಹಣವಿದ್ದಿದ್ದರೆ, ಇವತ್ತಿನ ರೇಟಿಗೆ ಅಷ್ಟು ಚೀಲ ಕೊಂಡು ಇಡುತ್ತಿದ್ದಿರಾ?

ಅಂಕ ಹಾಕುವ ಬಗೆ

ಹವಾಮಾನ ತಜ್ಞ ಗ್ಲೆನ್ ಬ್ರಿಯರ್ 1950ರಲ್ಲಿ ಕೊಟ್ಟ ಅಳತೆ ಸುಲಭ. ಹೇಳಿದ ಸಂಭವವನ್ನು ದಶಮಾಂಶದಲ್ಲಿ ಬರೆಯಿರಿ. ನಡೆದರೆ 1, ಇಲ್ಲದಿದ್ದರೆ 0. ಎರಡರ ವ್ಯತ್ಯಾಸದ ವರ್ಗವೇ ಅಂಕ, ಕಡಿಮೆಯಿದ್ದಷ್ಟೂ ಒಳ್ಳೆಯದು. ಶೇ. 70 ಎಂದದ್ದು ನಡೆದರೆ 0.09, ನಡೆಯದಿದ್ದರೆ 0.49. ಎಲ್ಲದಕ್ಕೂ 50 ಎನ್ನುವವನಿಗೆ ಯಾವಾಗಲೂ 0.25, ನಿಮ್ಮ ಸರಾಸರಿ ಅದಕ್ಕಿಂತ ಮೇಲಿದ್ದರೆ ಎಲ್ಲದಕ್ಕೂ 50 ಎನ್ನುವುದೇ ವಾಸಿ.

ತೊಡಕೆಂದರೆ ಹೂಮಳೆಯ ನಿರ್ಧಾರ ವರ್ಷಕ್ಕೊಂದೇ. ಹಾಗಾಗಿ ಕೈ ಪಳಗಿಸಲು ಸಣ್ಣ ಪ್ರಶ್ನೆಗಳು ಬೇಕು: ಸೋಮವಾರ 12 ಜನಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತಾರಾ, ಸಂಜೆ ಏಳರೊಳಗೆ ಕರೆಂಟು ಹೋಗುತ್ತಾ, ಕಣದ ಚೆರ್ರಿ ಶನಿವಾರಕ್ಕೆ ಶೇ. 11 ತೇವಾಂಶಕ್ಕೆ ಇಳಿಯುತ್ತಾ. ದಿನಕ್ಕೆ ಎರಡರಂತೆ ಎರಡು ತಿಂಗಳು ಬರೆದರೆ 120 ಆಗುತ್ತವೆ. ಬಳಿಕ ಶೇ. 70 ಎಂದು ಬರೆದವನ್ನಷ್ಟೇ ಬೇರ್ಪಡಿಸಿ. ಅಂಥ 20ರಲ್ಲಿ 14ರ ಆಸುಪಾಸು ನಡೆದಿದ್ದರೆ ಸರಿ. 9 ಮಾತ್ರ ನಡೆದಿದ್ದರೆ ನಿಮ್ಮ 'ಎಪ್ಪತ್ತು' ಅಂದರೆ ನಲವತ್ತೈದು. ಮುಂದಿನ ಫೆಬ್ರವರಿಯಲ್ಲಿ ಮೋಡ ನೋಡಿ ಎಪ್ಪತ್ತು ಎನಿಸಿದಾಗ ಪುಸ್ತಕದಲ್ಲಿ ನಲವತ್ತೈದೆಂದು ಬರೆದುಕೊಂಡು ಲೆಕ್ಕ ಮಾಡಿ.