ಏಳು ಸಲ ಎಣಿಸಿದ್ದೀರೇನ್ರೀ?

ಬೆಳಗಾವಿಯಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಬೇಗ ಬಿಡುವುದಿಲ್ಲ. ಆ ದಿನಗಳಲ್ಲಿ ಮಕ್ಕಳ ದವಾಖಾನೆಯ ಬೆಂಚಿನ ಮೇಲೆ ಕೂತರೆ ಕಿವಿಗೆ ಬೀಳುವುದು ಒಂದೇ ಮಾತು: "ನಮ್ಮ ಹುಡುಗಗ ಟಾನ್ಸಿಲ್ ಆಗ್ಯಾವ್ರೀ." ಟಾನ್ಸಿಲ್ ಅಂದರೆ ರೋಗವೇನೋ ಅನ್ನುವ ಹಾಗೆ! ಅವು ಎಲ್ಲರಿಗೂ ಇರುತ್ತವೆ, ಕಿರುನಾಲಿಗೆಯ ಆಚೆ ಈಚೆ. ಬಾಯಿಂದ ಒಳಗೆ ಬರುವ ರೋಗಾಣುಗಳ ಪರಿಚಯ ಮಾಡಿಕೊಳ್ಳುವುದು ಅವುಗಳ ಕೆಲಸ. ಚಿಕ್ಕಂದಿನಲ್ಲಿ ದಪ್ಪಗಿರುತ್ತವೆ, ಹರೆಯ ಬಂದ ಮೇಲೆ ತಾವೇ ಕುಗ್ಗುತ್ತವೆ.

ಪಕ್ಕದ ಮನೆಯ ಅಕ್ಕ ಮೊನ್ನೆ ಮಗನದು ತೆಗೆಸಿಯೇ ಬಿಡುತ್ತೇನೆ ಅಂದರು. "ವರ್ಷದಾಗ ಹತ್ತು ಸಲ ಬರ್ತಾವ." ಎಣಿಸಿದ್ದೀರೇನ್ರೀ ಅಂತ ಕೇಳಿದೆ. ನಕ್ಕರು.

ಸುಮ್ನೆ ಕೇಳಿದ್ದಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪದೇ ಪದೇ ಗಂಟಲು ನೋವು ಅಂತ ಬಂದ 65 ಮಕ್ಕಳನ್ನು ವೈದ್ಯರು ಬೆನ್ನು ಹತ್ತಿ ಗಮನಿಸಿದರು. ಹೇಳಿದಷ್ಟು ಸಲ ನಿಜವಾಗಿಯೂ ಬಂದದ್ದು 11 ಮಕ್ಕಳಿಗೆ ಮಾತ್ರ. 1978ರಲ್ಲಿ ಇದು ಪ್ರಕಟವಾಯಿತು. ತಾಯಂದಿರು ಸುಳ್ಳು ಹೇಳಿರಲಿಲ್ಲ. ಮಗು ನಿದ್ದೆಗೆಟ್ಟು ನರಳಿದ ಒಂದು ರಾತ್ರಿ ನೆನಪಿನಲ್ಲಿ ಮೂರಾಗಿಬಿಡುತ್ತದೆ, ಅಲ್ವಾ?

ವೈದ್ಯರ ಕಣ್ಣೂ ಅಷ್ಟೇನೂ ನೆಟ್ಟಗಿರಲಿಲ್ಲ. 1930ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ 11 ವರ್ಷದ ಸಾವಿರ ಶಾಲಾ ಮಕ್ಕಳನ್ನು ನೋಡಿದಾಗ 611 ಮಕ್ಕಳ ಟಾನ್ಸಿಲ್ ಆಗಲೇ ಹೋಗಿತ್ತು. ಉಳಿದ 389ರಲ್ಲಿ 174 ಮಕ್ಕಳದು ತೆಗೆಯಬೇಕು ಅಂದರು ವೈದ್ಯರು. ಪಾಸಾದ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದರೆ, ಅವರು 99 ಮಕ್ಕಳನ್ನು ಆರಿಸಿದರು. ಉಳಿದ 116 ಮಕ್ಕಳನ್ನು ಇನ್ನೊಮ್ಮೆ ತೋರಿಸಿದರೆ ಮತ್ತೆ 51! ಪ್ರತಿ ಸಲವೂ ಹೆಚ್ಚು ಕಡಿಮೆ ಅರ್ಧ. ಗಂಟಲಿಗಿಂತ ನೋಡುವವರ ರೂಢಿಯೇ ತೀರ್ಮಾನ ಮಾಡುತ್ತಿತ್ತು.

ಈಗ ವೈದ್ಯರು ನೋಡುವ ಲೆಕ್ಕ ಬೇರೆ. ಒಂದು ವರ್ಷದಲ್ಲಿ 7 ಸಲ, ಇಲ್ಲವೇ ಎರಡು ವರ್ಷ ವರ್ಷಕ್ಕೆ 5, ಇಲ್ಲವೇ ಮೂರು ವರ್ಷ ವರ್ಷಕ್ಕೆ 3. ಅದೂ ಜ್ವರ, ಕೀವು, ಕತ್ತಿನ ಗಂಟು ಇಂಥವು ದಾಖಲಾಗಿರಬೇಕು. ಗೊರಕೆಯ ನಡುವೆ ಮಗುವಿನ ಉಸಿರು ನಿಂತು ನಿಂತು ಬರುತ್ತಿದ್ದರೆ ಈ ಲೆಕ್ಕ ಬೇಕಿಲ್ಲ, ಅದೇ ದೊಡ್ಡ ಕಾರಣ.

ಹಾಗಂತ ಕತ್ತರಿ ಕೆಳಗಿಟ್ಟರೆ ಎಲ್ಲ ಸರಿ ಅಂತಲೂ ಇಲ್ಲ. 1990ರ ದಶಕದಿಂದ ಈಚೆಗೆ ಇಂಗ್ಲೆಂಡಿನಲ್ಲಿ ಆಪರೇಷನ್‌ಗಳು ಇಳಿದವು, ಗಂಟಲು ಸೋಂಕಿನಿಂದ ಆಸ್ಪತ್ರೆ ಸೇರುವವರು ಏರಿದರು. ಎಲ್ಲವನ್ನೂ ಟಾನ್ಸಿಲ್ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಅದೇ ಕಾಲದಲ್ಲಿ ಆಂಟಿಬಯೋಟಿಕ್ ಬರೆಯುವ ರೀತಿಯೂ, ಆಸ್ಪತ್ರೆಗೆ ಸೇರಿಸಿಕೊಳ್ಳುವ ರೀತಿಯೂ ಬದಲಾಗಿದ್ದವು.

ಆದರೆ ಟಾನ್ಸಿಲ್ ಪಕ್ಕ ಕೀವು ತುಂಬಿದರೆ ಆಟವಲ್ಲ. ಬಾಯಿ ತೆರೆಯಲಾಗುವುದಿಲ್ಲ, ಎಂಜಲು ನುಂಗಲಾಗುವುದಿಲ್ಲ. ಮಾತು ಬಾಯಲ್ಲಿ ಬಿಸಿ ಮಿರ್ಚಿ ಭಜಿ ಇಟ್ಟುಕೊಂಡ ಹಾಗೆ ಬರುತ್ತದೆ. ಕೀವು ಕತ್ತಿನ ಆಳಕ್ಕಿಳಿದರೆ ಎದೆಯವರೆಗೂ ಹರಡಬಹುದು. ಆಗ ಉಪ್ಪುನೀರು ಮುಕ್ಕಳಿಸುತ್ತ ಕೂರಬಾರದು, ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಓಡಬೇಕು. ಆಪರೇಷನ್ ಕೂಡ ಬರೀ ಐಸ್‌ಕ್ರೀಮ್ ಹಬ್ಬವಲ್ಲ. ಎರಡು ವಾರದವರೆಗೂ ನೋವಿರಬಹುದು. ಐದರಿಂದ ಹತ್ತನೇ ದಿನದ ನಡುವೆ ಹೊಪ್ಪಳೆ ಉದುರುವಾಗ ಕೆಲವರಿಗೆ ರಕ್ತ ಬರುತ್ತದೆ.

ಅಕ್ಕ ಈಗ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಮಗನ ಗಂಟಲನ್ನೂ ಗುರುತು ಹಾಕುತ್ತಿದ್ದಾರೆ. ಶ್ರಾವಣ ಮುಗಿಯುವ ಹೊತ್ತಿಗೆ ಮೂರು ಗೆರೆ. ಅದರಲ್ಲಿ ಒಂದು ಬರೀ ನೆಗಡಿ ಅಂತ ಅವರೇ ಹೊಡೆದುಹಾಕಿದ್ದಾರೆ.