ಕಾರ್ಡಿನಲ್‌ಗಳನ್ನು ಕೂಡಿಹಾಕಿದ ಊರು

2025ರ ಮೇ 7ರಂದು ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರುಗಳಾದ 133 ಕಾರ್ಡಿನಲ್‌ಗಳು ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್ ಒಳಗೆ ಹೋದರು. ಬಾಗಿಲು ಮುಚ್ಚಿತು. ಮಾರನೇ ದಿನ ಸಂಜೆ ಚಿಮಣಿಯಿಂದ ಬಿಳಿ ಹೊಗೆ ಬಂತು, ಹದಿನಾಲ್ಕನೇ ಲಿಯೋ ಪೋಪ್ ಆದರು. ಹೀಗೆ ಬಾಗಿಲು ಹಾಕಿ ಪೋಪ್‌ರನ್ನು ಆರಿಸುವುದಕ್ಕೆ ಕಾಂಕ್ಲೇವ್ ಅಂತಾರೆ. ಗುಟ್ಟು ಕಾಪಾಡೋಕೆ ಈ ಏರ್ಪಾಡು ಅಂತ ಅನ್ನಿಸೋದು ಸಹಜ. ಆದರೆ ಇದು ಶುರುವಾದದ್ದು ಒಂದು ಊರಿನವರ ತಾಳ್ಮೆ ಕೆಟ್ಟಿದ್ದರಿಂದ.

1268ರ ನವೆಂಬರ್‌ನಲ್ಲಿ ಪೋಪ್ ನಾಲ್ಕನೇ ಕ್ಲೆಮೆಂಟ್ ರೋಮ್‌ಗೆ ಉತ್ತರದ ವಿಟರ್ಬೊದಲ್ಲಿ ತೀರಿಕೊಂಡರು. ಆಯ್ಕೆಯೂ ಅಲ್ಲೇ ನಡೆಯಬೇಕಿತ್ತು. ಗೆಲ್ಲೋಕೆ ಮೂರರಲ್ಲಿ ಎರಡು ಪಾಲು ಮತ ಬೇಕು ಅನ್ನುವ ನಿಯಮ 1179ರಿಂದಲೇ ಇತ್ತು. ಕಾರ್ಡಿನಲ್‌ಗಳೋ, ಫ್ರಾನ್ಸ್ ಪರ ಮತ್ತು ವಿರೋಧ ಅಂತ ಬಣ ಕಟ್ಟಿಕೊಂಡಿದ್ದರು. ಯಾರೂ ಜಗ್ಗಲಿಲ್ಲ.

ವರ್ಷ ದಾಟಿತು. ಊರಿನ ಅಧಿಕಾರಿಗಳು, ಜನ ಸೇರಿ ಅವರನ್ನು ಬಿಷಪ್‌ರ ಅರಮನೆಯಲ್ಲಿ ಕೂಡಿಹಾಕಿದರು. ಊಟ ಕಡಿಮೆ ಮಾಡಿದರು. ಕೊನೆಗೆ ಛಾವಣಿಯನ್ನೇ ಕಿತ್ತರು. ಸುಮ್ನೆ ಕಟ್ಟಿದ ಕಥೆ ಅನ್ನಿಸುತ್ತೆ, ಅಲ್ವಾ? ಆದರೆ 1270ರ ಜೂನ್‌ನಲ್ಲಿ ಕಾರ್ಡಿನಲ್‌ಗಳು ಬರೆದ ಒಂದು ಪತ್ರವಿದೆ. ಬರೆದ ಜಾಗದ ಹೆಸರಾಗಿ ಅದರಲ್ಲಿ ನಮೂದಾಗಿರುವುದು, ಛಾವಣಿ ಇಲ್ಲದ ಅರಮನೆ! ಅಷ್ಟಾದರೂ ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಆರು ಜನರ ಸಮಿತಿಗೆ ಹೊಣೆ ಒಪ್ಪಿಸಿದ ಮೇಲೆ, 1271ರ ಸೆಪ್ಟೆಂಬರ್ 1ರಂದು ತೆಬಾಲ್ಡೊ ವಿಸ್ಕೊಂಟಿ ಆಯ್ಕೆಯಾದರು. ಅವರು ಕಾರ್ಡಿನಲ್ ಅಲ್ಲ, ಪಾದ್ರಿಯೂ ಆಗಿರಲಿಲ್ಲ. ಆಗ ಅವರಿದ್ದದ್ದು ಸಮುದ್ರದಾಚೆ, ಆಕ್ರ್ ನಗರದಲ್ಲಿ.

ಹತ್ತನೇ ಗ್ರೆಗರಿ ಎಂಬ ಹೆಸರಿನಲ್ಲಿ ಪೋಪ್ ಆದ ಇವರು ವಿಟರ್ಬೊದವರ ಉಪಾಯವನ್ನೇ 1274ರಲ್ಲಿ ಲಿಯೋನ್‌ನ ಧರ್ಮಸಭೆಯಲ್ಲಿ ಕಾನೂನು ಮಾಡಿದರು. ಎಲ್ಲರೂ ಒಂದೇ ಕೋಣೆಯಲ್ಲಿರಬೇಕು. ಮೂರು ದಿನವಾದರೂ ಮುಗಿಯದಿದ್ದರೆ ಊಟಕ್ಕೆ ಒಂದೇ ಪದಾರ್ಥ. ಮತ್ತೆ ಐದು ದಿನ ಕಳೆದರೆ ಬರೀ ಬ್ರೆಡ್, ನೀರು, ವೈನ್. ಚರ್ಚಿನ ದೊಡ್ಡವರಿಗೆ ಹೊಳೆಯದ ದಾರಿ ಊರಿನವರಿಗೆ ಹೊಳೆದಿತ್ತು. ಕಾಂಕ್ಲೇವ್ ಬಗ್ಗೆ ಮಾತಾಡುವಾಗ ಅವರನ್ನು ನೆನೆಯದೆ ಇರುವುದು ಅನ್ಯಾಯ ಅಂತ ನನಗನ್ನಿಸುತ್ತದೆ.

1276ರಲ್ಲಿ ಪೋಪ್ ಐದನೇ ಏಡ್ರಿಯನ್ ಈ ಕಾನೂನನ್ನು ತಡೆಹಿಡಿದರು. 1292ರಲ್ಲಿ ಪೋಪ್ ಪೀಠ ಮತ್ತೆ ಖಾಲಿಯಾಯಿತು, ಎರಡು ವರ್ಷಕ್ಕೂ ಜಾಸ್ತಿ ಹಾಗೇ ಉಳಿಯಿತು. ಕೊನೆಗೆ ಆಯ್ಕೆಯಾದ ಐದನೇ ಸೆಲೆಸ್ಟೀನ್ 1294ರಲ್ಲಿ ಕಾನೂನನ್ನು ವಾಪಸ್ ತಂದರು.

ಗುಟ್ಟಿನ ನಿಯಮಗಳು ಈಗಿನಷ್ಟು ಬಿಗಿಯಾದದ್ದು ಬಹಳ ತಡವಾಗಿ. 1903ರಲ್ಲಿ ಆಸ್ಟ್ರಿಯಾ ಚಕ್ರವರ್ತಿಯ ಪರವಾಗಿ ಒಬ್ಬ ಕಾರ್ಡಿನಲ್, ರಾಂಪೊಲ್ಲಾ ಎಂಬ ಇನ್ನೊಬ್ಬ ಕಾರ್ಡಿನಲ್ ಪೋಪ್ ಆಗಬಾರದು ಎಂದು ಕಾಂಕ್ಲೇವ್ ಒಳಗೇ ಹೇಳಿದರು. ಆ ಸಲ ಆಯ್ಕೆಯಾದ ಹತ್ತನೇ ಪಯಸ್ ಮರುವರ್ಷವೇ ರಾಜರ ಇಂಥ ತಡೆಯನ್ನು ನಿಷೇಧಿಸಿದರು, ಗುಟ್ಟಿನ ನಿಯಮವನ್ನೂ ಬಿಗಿ ಮಾಡಿದರು. ಈಗ ಊಟಕ್ಕೇನೂ ಕೊರತೆಯಿಲ್ಲ. 2005ರಿಂದ ಕಾರ್ಡಿನಲ್‌ಗಳು ಉಳಿದುಕೊಳ್ಳುವುದು ಸಾಂತಾ ಮಾರ್ತಾ ಅತಿಥಿಗೃಹದಲ್ಲಿ. ಫೋನ್ ಮಾತ್ರ ಬಳಸುವಂತಿಲ್ಲ.